ಎಡಿ ಹೊಡೆದರೆ ಹಸಿ ಉಳಿಯುವುದೇಕೆ?

ನಮ್ಮ ಅರಕೇರಿ ಕಡೆ ಎರಿ ಹೊಲದವರಿಗೆ ಹಸಿಯೇ ಬಂಡವಾಳ. ಹಿಂಗಾರಿ ಜೋಳ ಬಿತ್ತುವಾಗ ನೆಲದೊಳಗೆ ಎಷ್ಟು ಹಸಿ ಕೂತಿರುತ್ತದೋ ಅದರ ಮೇಲೇ ತೆನಿ ಕಾಳುಕಟ್ಟಬೇಕು. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

2018ರ ಹಿಂಗಾರಿ ಬರದಲ್ಲಿ ನಾಲ್ಕು ಎಕರೆ ಜೋಳ ಬಿತ್ತಿದ್ದೆ. ಅದರ ಹಿಂದಿನ ವರ್ಷ ಎತ್ತು ಮಾರಿದ್ದೆ. ತಮ್ಮನ ಎತ್ತು ತಂದು ಎರಡು ಎಕರೆ ಎಡಿ ಹೊಡೆದೆ. ಉಳಿದ ಎರಡು ಎಕರೆಗೆ ಬಾಡಿಗೆ ಎತ್ತು ಹುಡುಕುವುದರೊಳಗೆ ಇಪ್ಪತ್ತು ದಿನ ಹೋದವು. ಅಷ್ಟರಲ್ಲಿ ನೆಲ ಕೈ ಹೋಗುವಷ್ಟು ಬಾಯಿ ಬಿಟ್ಟಿತ್ತು. ಎಡಿ ಹೊಡೆದಲ್ಲಿ ಎಕರೆಗೆ ಎರಡು ಚೀಲ ಜೋಳ ಬಂತು. ಹೊಡೆಯದಲ್ಲಿ ಬರೀ ಗಿಡ್ಡ ಕಣಿಕಿ. ಬೀಜ ಒಂದೇ, ಬಿತ್ತಿದ ದಿನ ಒಂದೇ.

ಹಿಂಗ್ಯಾಕಾತು ಅನ್ನೋದು ನನಗೆ ಗೊತ್ತಾಗಿದ್ದು ಮೊಮ್ಮಗ ವಿಜ್ಞಾನದ ಪಾಠ ಓದುವಾಗ. ನಾನು ಕಲಿತದ್ದು ಏಳನೇ ಇಯತ್ತೆ. "ಮುತ್ಯಾ, ದೀಪದ ಎಣ್ಣಿ ಬತ್ತಿಯೊಳಗ ಮ್ಯಾಲ ಹ್ಯಾಂಗ ಏರತೈತಿ?" ಎಂದು ಕೇಳಿದ. ಅವನಿಗೆ ಉತ್ತರ ಹುಡುಕುತ್ತ ನನ್ನ ಹೊಲದ ಉತ್ತರ ಸಿಕ್ಕಿತು.

ಮಣ್ಣೂ ಒಂದು ಬತ್ತಿ

ಬತ್ತಿಯ ಎಳೆಗಳ ನಡುವೆ ಕೂದಲಿನಂಥ ಸಂದಿ ಇರುತ್ತವೆ. ಸಂದಿ ಸಣ್ಣದಾದಷ್ಟೂ ಎಣ್ಣೆ ಮೇಲಕ್ಕೆ ಏರುತ್ತದೆ. ಪುಸ್ತಕದಲ್ಲಿ ಇದಕ್ಕೆ ಕೇಶಾಕರ್ಷಣೆ ಅನ್ನುತ್ತಾರೆ. ಗಟ್ಟಿ ಕೂತ ಮಣ್ಣಿನಲ್ಲೂ ಇಂಥವೇ ಸಂದಿ. ಮೇಲಿನ ಮಣ್ಣು ಬಿಸಿಲಿಗೆ ಆರಿದಂತೆ ಕೆಳಗಿನ ಹಸಿ ಏರಿ ಬಂದು ಗಾಳಿಗೆ ಹೋಗುತ್ತದೆ. ಎಡಿಕುಂಟಿ ಹಾಯಿಸಿದರೆ ಮೇಲಿನ ಎರಡು ಬೆರಳು ಮಣ್ಣು ಸಡಿಲಾಗಿ ಬತ್ತಿ ತುಂಡಾಗುತ್ತದೆ. ಆ ಒಣ ಪುಡಿಯೇ ಹಸಿಗೆ ಮುಚ್ಚಳ. ಹಸಿ ಕುಡಿಯುವ ಕಸವೂ ಸಾಯುತ್ತದೆ.

ನೆಲ ಬಾಯಿ ಬಿಡುವುದೇಕೆ?

ನಮ್ಮ ಎರಿ ಮಣ್ಣು ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿಯೊಳಗಿಂದ ಉಕ್ಕಿ ಹರಿದು ಆರಿದ ಕರಿಕಲ್ಲು ಸವೆದು ಆದದ್ದು. ಇದರ ಜೇಡಿಯ ಕಣ ಪುಸ್ತಕದ ಹಾಳೆಗಳಂತೆ ಪದರ ಪದರ. ನೀರು ಹಾಳೆಗಳ ನಡುವೆ ಹೊಕ್ಕರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಕುಗ್ಗಿದ ಮಣ್ಣು ಬಿರಿಯಲೇಬೇಕು. ಬಿರಿದಲ್ಲಿ ಬೇರು ಹರಿಯುತ್ತವೆ, ಗಾಳಿ ಆಳಕ್ಕೆ ಇಳಿದು ಬಿರುಕಿನ ಎರಡೂ ಗೋಡೆಯಿಂದ ಹಸಿ ಎಳೆಯುತ್ತದೆ. ಎಡಿ ಹೊಡೆದ ಪುಡಿ ಮಣ್ಣು ಬಿರುಕಿನೊಳಗೆ ಬಿದ್ದು ಬಾಯಿ ಮುಚ್ಚುತ್ತದೆ.

ಮಕ್ಕಳ ಕೈಯಲ್ಲಿ ಮಾಡಿಸಿ

ಎರಡು ಒಂದೇ ಅಳತೆಯ ಡಬ್ಬಿಗೆ ಸಮ ಎರಿ ಮಣ್ಣು, ಸಮ ನೀರು ಹಾಕಿ. ಮೇಲ್ಮೈ ಸ್ವಲ್ಪ ಆರಿದ ಮೇಲೆ ಒಂದನ್ನು ಎರಡು ಬೆರಳು ಆಳ ಕೆದರಿ, ಇನ್ನೊಂದನ್ನು ಮುಟ್ಟಬೇಡಿ. ಎರಡನ್ನೂ ಬಿಸಿಲಿಗಿಟ್ಟು ಎಂಟು ದಿನಕ್ಕೆ ಅಂಗಡಿ ತಕ್ಕಡಿಯಲ್ಲಿ ತೂಗಿ. ನಮ್ಮಲ್ಲಿ ಕೆದರಿದ್ದೇ ಭಾರ ಇತ್ತು. ಅಂದರೆ ನೀರು ಅದರಲ್ಲೇ ಹೆಚ್ಚು ಉಳಿದಿತ್ತು.

"ಎರಡು ಎಡಿ ಒಂದು ನೀರಿಗೆ ಸಮ" ಎಂದು ಹಿರಿಯರು ಅನ್ನುತ್ತಿದ್ದರು. ಎಡಿ ಹೊಸ ನೀರು ತರುವುದಿಲ್ಲ, ಇದ್ದದ್ದನ್ನು ಕಾಯುತ್ತದೆ. ಆದ್ದರಿಂದ ಹಸಿ ಹೋದ ಮೇಲೆ ಹೊಡೆದು ಫಲವಿಲ್ಲ. ಹಸಿ ಜಾಸ್ತಿ ಇದ್ದಾಗ ಹೊಡೆದರೆ ಹೆಂಟೆ ಏಳುತ್ತವೆ. ಮಣ್ಣು ಕುಂಟಿಗೆ ಅಂಟದೆ ಪುಡಿಯಾಗುವ ದಿನ ನೋಡಿ, ಬಿರುಕು ಕೂದಲೆಳೆಯಷ್ಟು ಇದ್ದಾಗಲೇ ಹೊಡೆಯಿರಿ. ಎತ್ತು ಇಲ್ಲದವರು ಬಿತ್ತುವ ಮೊದಲೇ ಎಡಿ ಎತ್ತಿಗೆ ಮಾತು ಕೊಟ್ಟಿರಿ. ನಾನು ಈಗ ಹಾಗೇ ಮಾಡುತ್ತೇನೆ.