ಕತ್ತಿ ಒಳಗಿಡಲೇ!

ಮೊನ್ನೆ ಒಂದು ಕಾರ್ಯಕ್ರಮದಲ್ಲಿ ಒಬ್ಬ ತಾಯಿ ಕೇಳಿದರು: "ಸರ್, ನಮ್ಮ ಹುಡುಗ ಮೂರು ಹೊತ್ತೂ ಗೇಮ್ ಆಡ್ತಾನೆ, ಇಲ್ಲಾಂದ್ರೆ ಸಿನಿಮಾ ನೋಡ್ತಾನೆ. ಹಾಳಾಗಿಹೋಗ್ತಾನಾ?" ದಿನಾ ರಾತ್ರಿ ಎಲ್ಲದಕ್ಕೂ ಉತ್ತರ ಕೊಡೋ ನನಗೆ ಅವತ್ತು ಬಾಯಿ ಬರಲಿಲ್ಲ. ಯಾಕಂದ್ರೆ ನನಗೆ ಅಭಿರುಚಿ ಅಂತ ಏನಾದರೂ ಇದ್ದರೆ, ಅದನ್ನು ಕೊಟ್ಟಿದ್ದೇ ಒಂದು ಗೇಮ್ ಮತ್ತು ಒಂದು ಸಿನಿಮಾ.

ಮೊದಲು ಗೇಮ್. ಪ್ರಿನ್ಸ್ ಆಫ್ ಪರ್ಷಿಯಾ. 1989ರಲ್ಲಿ ಅಮೆರಿಕದ ಜೋರ್ಡನ್ ಮೆಕ್ನರ್ ಅನ್ನೋ ಯುವಕ ಆಪಲ್ 2 ಕಂಪ್ಯೂಟರಿಗಾಗಿ ಮಾಡಿದ್ದು. ದಾವಣಗೆರೆಯ ಒಂದು ಕಂಪ್ಯೂಟರ್ ಕ್ಲಾಸಿಗೆ ಅದು ಬರೋ ಹೊತ್ತಿಗೆ ಹತ್ತು ವರ್ಷ ಹಳೆಯದಾಗಿತ್ತು. ನಮಗೆ ಸಿಗ್ತಿದ್ದುದು ಒಂದು ಗಂಟೆ. ರಾಜಕುಮಾರಿಯನ್ನು ಬಿಡಿಸೋಕೆ ಗೇಮ್ ಕೊಡ್ತಿದ್ದುದೂ 60 ನಿಮಿಷ!

ಆ ರಾಜಕುಮಾರ ನಿಜವಾದ ಮನುಷ್ಯನ ಹಾಗೆ ಓಡ್ತಿದ್ದ, ಜಾರ್ತಿದ್ದ, ಅಂಚು ಹಿಡಿದು ನೇತಾಡ್ತಿದ್ದ. ಹೇಗೆ? ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಫ್ರೇಮ್ ನೋಡಿ ಚಿತ್ರ ಬಿಡಿಸಿದ್ದ. ಕತ್ತಿವರಸೆಗೆ 1938ರ ರಾಬಿನ್ ಹುಡ್ ಸಿನಿಮಾ ಆಧಾರ. ಅಂದ್ರೆ ನಾವು ಆಡ್ತಿದ್ದ ಗೇಮ್ ಒಳಗೆ ಒಂದು ಹಳೇ ಸಿನಿಮಾ ಕೂತಿತ್ತು.

ಇಷ್ಟು ಮಾಡೋ ಹೊತ್ತಿಗೆ ಮೆಮೊರಿ ಖಾಲಿ. ಇವತ್ತಿನ ಫೋನ್‌ನಲ್ಲಿ ತೆಗೆದ ಒಂದು ಫೋಟೋ ಕೂಡ ಹಿಡಿಯದಷ್ಟು ಮೆಮೊರಿ ಅದು. ಕಾದಾಡೋಕೆ ಒಬ್ಬ ಎದುರಾಳಿ ಬೇಕು, ಆದರೆ ಹೊಸ ಪಾತ್ರಕ್ಕೆ ಜಾಗ ಇಲ್ಲ. ಆಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಚುಕ್ಕಿಯಷ್ಟು ಸರಿಸಿ ಅದರ ಮೇಲೇ ಇಟ್ಟು, ಎಕ್ಸಾರ್ ಅನ್ನೋ ಲೆಕ್ಕ ಹಾಕಿದ. ಎಂಜಿನಿಯರಿಂಗ್ ಓದಿದವರಿಗೆ ಗೊತ್ತು: ಎರಡೂ ಒಂದೇ ಇದ್ದರೆ ಸೊನ್ನೆ, ಬೇರೆ ಇದ್ದರೆ ಒಂದು. ಒಂದೇ ಇದ್ದ ಕಡೆ ಎಲ್ಲ ಅಳಿಸಿಹೋಯ್ತು, ಅಂಚು ಮಾತ್ರ ಉಳೀತು. ದೆವ್ವದಂಥ ಒಂದು ನೆರಳು ಹುಟ್ಟಿತು. ಗೇಮ್‌ನಲ್ಲಿ ಆ ನೆರಳು ಕನ್ನಡಿಯಿಂದ ಹೊರಗೆ ಬರುತ್ತೆ, ನಮ್ಮ ಔಷಧಿ ಕದ್ದು ಕುಡಿಯುತ್ತೆ, ಕೊನೆಗೆ ಕತ್ತಿ ಹಿಡಿದು ಎದುರು ನಿಲ್ಲುತ್ತೆ. ಅದಕ್ಕೆ ಒಂದೇಟು ಹೊಡೆದರೆ ನಮ್ಮ ಪ್ರಾಣವೂ ಒಂದು ಗುಟುಕು ಕಮ್ಮಿ.

ವಾರಗಟ್ಟಲೆ ಹೊಡೆದೆ, ವಾರಗಟ್ಟಲೆ ಸತ್ತೆ. ಕೊನೆಗೆ ಹಿಂದೆ ನಿಂತು ನೋಡ್ತಿದ್ದ ದೊಡ್ಡ ಹುಡುಗನೊಬ್ಬ ರೇಗಿದ: "ಕತ್ತಿ ಒಳಗಿಡಲೇ! ಅದು ನೀನೇ ಕಣಲೇ." ಇಟ್ಟೆ. ನೆರಳೂ ಇಟ್ಟಿತು. ಎದುರುಬದುರು ನಡೆದು ಇಬ್ಬರೂ ಒಂದಾದರು. ದಾರಿ ತೆರೀತು.

ಇನ್ನು ಸಿನಿಮಾ. ಶಂಕರ್ ನಾಗ್ ನಿರ್ದೇಶಿಸಿ, ತಾವೇ ಪತ್ರಕರ್ತನ ಪಾತ್ರ ಮಾಡಿದ 'ಆಕ್ಸಿಡೆಂಟ್', 1985. ರಾಜಕಾರಣಿಯ ಮಗ ನಶೆಯಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹತ್ತಿಸ್ತಾನೆ. ಅಪ್ಪನಾಗಿ ಅನಂತ್ ನಾಗ್. ಸಾಮಾಜಿಕ ವಿಷಯಕ್ಕೆ ಕೊಡೋ ರಾಷ್ಟ್ರಪ್ರಶಸ್ತಿ ಈ ಚಿತ್ರಕ್ಕೆ ಬಂತು. ನಾನು ನೋಡಿದ್ದು ತುಂಬಾ ತಡವಾಗಿ, ಟಿವಿಯಲ್ಲಿ, ಅಪ್ಪನ ಪಕ್ಕ ಕೂತು. ಅದಕ್ಕೂ ಮೊದಲೇ, ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವಾಗ ಆನಗೋಡು ಬಂದರೆ ಅಪ್ಪ ಬಸ್ಸಿನ ಕಿಟಕಿ ಕಡೆ ಕೈ ತೋರಿಸ್ತಿದ್ದರು: "ಶಂಕ್ರಣ್ಣ ಹೋಗಿದ್ದು ಇಲ್ಲೇ." 1990ರ ಸೆಪ್ಟೆಂಬರ್ 30. ರಸ್ತೆ ಅಪಘಾತದ ಬಗ್ಗೆ ಸಿನಿಮಾ ಮಾಡಿದ ಮನುಷ್ಯ ರಸ್ತೆ ಅಪಘಾತದಲ್ಲೇ ಹೋದರು. ಆ ಸಿನಿಮಾದಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿದ್ದು ಕಾರು ಯಾರದ್ದು ಅನ್ನೋದಲ್ಲ. ಕೆಳಗೆ ಮಲಗಿದ್ದವರು ಯಾರು ಅನ್ನೋದು.

ಉಳಿದಿದ್ದರೆ ಸಾಕಾ ಸ್ವಾಮಿ? ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಹಿಟ್ ಅಂಡ್ ರನ್ ಸುದ್ದಿ ಓದ್ತಿದ್ದೆ. ಸಿಸಿಟಿವಿ ದೃಶ್ಯ ಸಿಕ್ಕಿತ್ತು. ಕೆಂಪು ಬಾಣದ ಗುರುತು, ಹಿನ್ನೆಲೆಯಲ್ಲಿ ಢಮಢಮ ಸಂಗೀತ. "ಮತ್ತೊಮ್ಮೆ ನೋಡಿ ವೀಕ್ಷಕರೇ" ಅಂತ ನಾನೇ ಹೇಳಿದ್ದು, ಎಷ್ಟು ಸಲ ಅಂತ ಲೆಕ್ಕ ಇಲ್ಲ. ಬ್ರೇಕ್‌ನಲ್ಲಿ ಡೆಸ್ಕಿಗೆ ಫೋನ್ ಬಂತು. ಸತ್ತ ಹುಡುಗನ ಅಣ್ಣ. ಅವನು ಬೈಯಲಿಲ್ಲ. "ನಮ್ಮಮ್ಮ ಟಿವಿ ಮುಂದೆ ಕೂತವ್ಳೆ ಸಾರ್. ಪ್ರತಿ ಸಲಾನೂ ಈ ಸಲ ತಪ್ಪಿಸ್ಕೋತಾನೇನೋ ಅಂತ ನೋಡ್ತಾವ್ಳೆ. ನಿಲ್ಸಿ ಸಾರ್" ಅಂದನಂತೆ.

ಆಗ ನನಗೆ ನೆನಪಾಗಿದ್ದು ಶಂಕರ್ ನಾಗ್ ಅಲ್ಲ, ಕಂಪ್ಯೂಟರ್ ಕ್ಲಾಸಿನ ಆ ಹುಡುಗ. ಗೇಮ್‌ನಲ್ಲಿ ಸತ್ತರೆ ಮತ್ತೆ ಶುರು ಮಾಡಬಹುದು. ಆ ತಾಯಿಗೆ ನಾನು ಸಾವನ್ನೇ ಮತ್ತೆ ಮತ್ತೆ ಶುರು ಮಾಡ್ತಾ ಇದ್ದೆ. ಎದುರಿಗೆ ಯಾರೋ ಇದ್ದಾರೆ ಅಂದುಕೊಂಡು ಬೀಸಿದ ಏಟು ನಮಗೇ ಬೀಳುತ್ತೆ ಅಂತ ಹನ್ನೆರಡನೇ ವಯಸ್ಸಿಗೇ ಕಲಿತಿದ್ದೆ. ಆದರೂ ಕತ್ತಿ ಹೊರಗೇ ಇತ್ತು. ಅವತ್ತು ಬ್ರೇಕ್ ಮುಗಿದ ಮೇಲೆ ದೃಶ್ಯ ತೆಗೆಸಿದೆ. ಅಲ್ಲಿಂದೀಚೆಗೆ ನನ್ನ ಬುಲೆಟಿನ್‌ನಲ್ಲಿ ಸಾವಿನ ದೃಶ್ಯ ಮತ್ತೊಮ್ಮೆ ಹಾಕೋದಿಲ್ಲ. ಇದಕ್ಕೆ ಜಗಳ ಆಡಿದ್ದೂ ಇದೆ, ಸೋತಿದ್ದೂ ಇದೆ.

ಆ ತಾಯಿಗೆ ಈಗ ಉತ್ತರ ಹೇಳ್ತೀನಿ. ಫೋನ್ ಕಿತ್ಕೋಬೇಡಿ ಅಮ್ಮ. ಪಕ್ಕದಲ್ಲಿ ಕೂತು ಕೇಳಿ: ಇದನ್ನು ಮಾಡಿದ್ದು ಯಾರು, ಹೇಗೆ ಮಾಡಿದರು, ಇದರಲ್ಲಿ ಹೊಡೆದರೆ ಏಟು ಯಾರಿಗೆ ಬೀಳುತ್ತೆ? ಅವನು ಉತ್ತರ ಹೇಳ್ತಿದ್ದರೆ ಹಾಳಾಗ್ತಿಲ್ಲ. ಉತ್ತರ ಗೊತ್ತಿಲ್ಲ ಅಂದರೆ ಜೊತೆಗೆ ಕೂತು ಹುಡುಕಿ. ನನ್ನ ಹಿಂದೆ ಒಬ್ಬ ನಿಂತಿದ್ದ. ಅವನ ಪಕ್ಕ ನೀವು ಕೂತ್ಕೊಳ್ಳಿ.