ಹೂಳಿಗಿಳಿದ ಸೋಂಕುನಾಶಕ

ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ, ಹುಣಸೂರು ಹಾದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹುಣಸೂರು ಪಟ್ಟಣದ ಕೊಳಚೆಯೂ ಇದೇ ಹೊಳೆಗೆ ಬೀಳುತ್ತದೆ. ಬಚ್ಚಲಿನ ಸೋಪು, ನೆಲ ಒರೆಸುವ ದ್ರಾವಣ, ಕೈಗೆ ಹಚ್ಚಿದ ಸ್ಯಾನಿಟೈಸರ್ ಎಲ್ಲದರ ದಾರಿಯೂ ಚರಂಡಿಯೇ. ರೋಗಾಣು ಕೊಲ್ಲಲೆಂದು ಮಾಡಿದ ಈ ರಾಸಾಯನಿಕಗಳು ಹೊಳೆಯಲ್ಲಿ ಏನಾಗುತ್ತವೆ?

ಸ್ಯಾನಿಟೈಸರಿನ ಆಲ್ಕೊಹಾಲ್ ನೀರಿಗೆ ಬಿದ್ದು ತೆಳುವಾದರೆ ಬ್ಯಾಕ್ಟೀರಿಯಾಗಳಿಗೆ ಆಹಾರ, ಬೇಗ ಕರಗಿಹೋಗುತ್ತದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕೊಳೆಯೊಡನೆ ವರ್ತಿಸಿ ಬಹುಪಾಲು ಕ್ಲೋರೈಡ್ ಆಗುತ್ತದೆ. ಸ್ವಲ್ಪ ಭಾಗ ಮಾತ್ರ ಕ್ಲೋರೋಫಾರ್ಮಿನಂಥ ವಸ್ತುವಾಗುತ್ತದೆ. ನೆಲ ಒರೆಸುವ ದ್ರಾವಣಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡಿನ ಕಥೆ ಬೇರೆ. ಅದರ ಅಣುವಿಗೆ ಧನ ವಿದ್ಯುದಂಶ, ಜೇಡಿಮಣ್ಣಿನ ಕಣಕ್ಕೆ ಋಣ. ಎರಡೂ ಅಂಟಿಕೊಂಡು ತಳಕ್ಕಿಳಿಯುತ್ತವೆ. ಅಲ್ಲಿ ಅದನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳಿಗೂ ಅದು ಸುಲಭವಾಗಿ ಸಿಗುವುದಿಲ್ಲ.

ಇವುಗಳಲ್ಲಿ ಅತಿ ಹೆಚ್ಚು ಅಧ್ಯಯನಕ್ಕೊಳಗಾದದ್ದು ರೋಗಾಣುನಾಶಕ ಸೋಪುಗಳಲ್ಲಿ ಬಳಸುವ ಟ್ರೈಕ್ಲೋಸಾನ್. ತಿಳಿನೀರಿನಲ್ಲಿ ಬಿಸಿಲು ಬಿದ್ದರೆ ಅದು ಒಡೆಯುತ್ತದೆ. ಆದರೆ ಒಡೆದದ್ದೆಲ್ಲ ನಿರಪಾಯವಲ್ಲ. ಒಂದು ಸಣ್ಣ ಪಾಲು ಡಯಾಕ್ಸಿನ್ ಜಾತಿಯ ವಸ್ತುವಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಟ್ರೈಕ್ಲೋಸಾನನ್ನು ಮೀಥೈಲ್ ಟ್ರೈಕ್ಲೋಸಾನ್ ಆಗಿ ಬದಲಿಸುತ್ತವೆ. ಅದು ಇನ್ನೂ ಗಟ್ಟಿ. ಮೀನಿನ ಕೊಬ್ಬಿನಲ್ಲಿ ಶೇಖರವಾಗುತ್ತದೆ. ಮಳೆಗಾಲದಲ್ಲಿ ಹೊಳೆ ಕೆಂಪಾದಾಗ ಬಿಸಿಲು ಒಳಗಿಳಿಯದು. ಹೂಳಿನ ಆಳದಲ್ಲಿ ಬೆಳಕೂ ಇಲ್ಲ, ಆಮ್ಲಜನಕವೂ ಇಲ್ಲ. ಅಲ್ಲಿ ಟ್ರೈಕ್ಲೋಸಾನ್ ವರ್ಷಗಟ್ಟಲೆ ಉಳಿಯುತ್ತದೆ. ಸ್ವಿಟ್ಜರ್‌ಲೆಂಡಿನ ಗ್ರೈಫನ್‌ಸೇ ಸರೋವರದ ಹೂಳನ್ನು ಪದರ ಪದರವಾಗಿ ಪರೀಕ್ಷಿಸಿದಾಗ ದಶಕಗಳ ಬಳಕೆಯ ಗುರುತು ಸಿಕ್ಕಿತು.

ಇದು ದೂರದ ಮಾತಲ್ಲ. ತಮಿಳುನಾಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾವೇರಿ, ವೆಲ್ಲಾರ್, ತಾಮಿರಬರಣಿ ನದಿಗಳಲ್ಲಿ ಟ್ರೈಕ್ಲೋಸಾನ್ ಇರುವುದನ್ನು ತೋರಿಸಿತು.

ಕೊಳಚೆಗೆ ಗಾಳಿ ಹಾಯಿಸಿ ಶುದ್ಧೀಕರಿಸಿದರೆ ಬ್ಯಾಕ್ಟೀರಿಯಾಗಳು ಈ ರಾಸಾಯನಿಕಗಳಲ್ಲಿ ಬಹಳಷ್ಟನ್ನು ಒಡೆಯುತ್ತವೆ. ಉಳಿದದ್ದು ಘಟಕದ ಕೆಸರಿಗೆ ಅಂಟುತ್ತದೆ. ಆ ಕೆಸರನ್ನು ಗೊಬ್ಬರವೆಂದು ಹೊಲಕ್ಕೆ ಹಾಕುವಾಗಲೂ ಎಚ್ಚರ ಬೇಕು. ಆದ್ದರಿಂದ ಹೊಳೆಗೆ ಸೇರುವ ಮೊದಲೇ ಕೊಳಚೆಯನ್ನು ತಡೆಯಬೇಕು, ಅದಕ್ಕೂ ಮೊದಲು ಮನೆಯಲ್ಲಿ ಬಳಕೆ ಇಳಿಯಬೇಕು. ದಿನನಿತ್ಯದ ಕೈತೊಳೆತಕ್ಕೆ ಮಾಮೂಲಿ ಸೋಪಿಗಿಂತ ರೋಗಾಣುನಾಶಕ ಸೋಪುಗಳು ಮೇಲೆಂಬುದಕ್ಕೆ ಪುರಾವೆಯಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಇಂಥ ಸೋಪುಗಳಿಂದ ಹೊರಗಿಟ್ಟಿತು. ಗಾಯಕ್ಕೆ, ಆಸ್ಪತ್ರೆಗೆ ಸೋಂಕುನಾಶಕ ಬೇಕೇ ಬೇಕು. ಉಳಿದ ಹೊತ್ತಿಗೆ ಸಾದಾ ಸೋಪು ಸಾಕು.