ಓಟಕ್ಕೆ ತಕ್ಕ ಪಾದರಕ್ಷೆ

ವಾರ್ಷಿಕ ಕ್ರೀಡೆಗಳ ದಿನವು ಸಮೀಪಿಸಿತೆಂದರೆ ನಮ್ಮ ವಿದ್ಯಾರ್ಥಿನಿಯರಲ್ಲಿ ಕುಂಟುತ್ತ ತರಗತಿಗೆ ಬರುವವರ ಸಂಖ್ಯೆಯು ಹೆಚ್ಚುವುದು. ಒಬ್ಬಳಿಗೆ ಹಿಮ್ಮಡಿಯಲ್ಲಿ ಬೊಬ್ಬೆ, ಮತ್ತೊಬ್ಬಳಿಗೆ ಕಪ್ಪಾದ ಉಗುರು. ವಿಚಾರಿಸಿದರೆ, ಓಡಿದ್ದರಿಂದ ಹೀಗಾಯಿತೆಂಬ ಉತ್ತರವೇ ದೊರೆಯುವುದು. ದೋಷವು ಓಟದ್ದಲ್ಲ, ಬಹುಮಟ್ಟಿಗೆ ಬೂಟಿನದೆಂಬುದು ನಮ್ಮ ಅನುಭವ. ಕೆಲವು ವರ್ಷಗಳ ಹಿಂದೆ ಬಹು ಚುರುಕಾಗಿ ಓಡುತ್ತಿದ್ದ ಬಾಲಿಕೆಯೊಬ್ಬಳು ಸ್ಪರ್ಧೆಗೆ ಹೆಸರು ಕೊಟ್ಟು ಕೊನೆಯ ವಾರದಲ್ಲಿ ಹಿಂದೆಗೆದಳು. ಕಾರಣವನ್ನು ಕೇಳಲಾಗಿ, ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ತನ್ನ ಬೂಟುಗಳನ್ನು ತೋರಿಸಿದಳು. ಅವು ಅವಳ ಅಕ್ಕನವು; ಮುಂಭಾಗದಲ್ಲಿ ಅರಳೆಯನ್ನು ತುರುಕಲಾಗಿದ್ದಿತು.

ತಂದೆತಾಯಿಗಳನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಬೆಳೆಯುವ ಕಾಲಿಗೆ 'ಮುಂದಿನ ವರ್ಷಕ್ಕೂ ಬರಲಿ' ಎಂದು ದೊಡ್ಡ ಬೂಟನ್ನು ಕೊಳ್ಳುವುದು ಹಣದ ಮುಗ್ಗಟ್ಟು ಕಲಿಸಿದ ವಿವೇಕವೇ ಸರಿ. ಆದರೆ ಅದು ಓಟಕ್ಕೆ ಸಲ್ಲದು. ಸಡಿಲವಾದ ಬೂಟಿನಲ್ಲಿ ಕಾಲು ಹಿಂದುಮುಂದಾಗಿ ಜಾರಿ, ತೊಗಲು ತಿಕ್ಕಿ ಬೊಬ್ಬೆಯೇಳುವುದು; ಗಿಡ್ಡದಾದುದರಲ್ಲಿ ಬೆರಳುಗಳು ಹೆಜ್ಜೆಹೆಜ್ಜೆಗೂ ತುದಿಗೆ ಬಡಿದು ಉಗುರಿನಡಿಯಲ್ಲಿ ರಕ್ತವು ಕಟ್ಟುವುದು.

ಜಕಾರ್ತಾ ನಗರದಲ್ಲಿ 2018ರಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಪಶ್ಚಿಮ ಬಂಗಾಳದ ಸ್ವಪ್ನಾ ಬರ್ಮನ್ ಎಂಬ ತರುಣಿಯು ಓಟ, ನೆಗೆತ, ಎಸೆತಗಳು ಸೇರಿದ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನಿನಲ್ಲಿ 6026 ಅಂಕಗಳನ್ನು ಪಡೆದು ಚಿನ್ನದ ಪದಕವನ್ನು ಗೆದ್ದಳು. ಭಾರತದ ಸ್ತ್ರೀಯರಲ್ಲಿ ಈ ಪದಕವನ್ನು ಗೆದ್ದವರಲ್ಲಿ ಈಕೆಯೇ ಮೊದಲಿಗಳು. ಈಕೆಯ ಎರಡು ಪಾದಗಳಲ್ಲಿಯೂ ಆರಾರು ಬೆರಳುಗಳಿವೆ! ಐದು ಬೆರಳಿನವರಿಗೆಂದು ಮಾಡಿದ ಬೂಟುಗಳಲ್ಲಿಯೇ ಆ ಏಳು ಸ್ಪರ್ಧೆಗಳನ್ನೂ ನೋವು ನುಂಗಿ ಮುಗಿಸಿದಳು. ಗೆದ್ದ ಮೇಲೆ ತನ್ನ ಕಾಲಿಗೆ ಹೊಂದುವ ಬೂಟು ಬೇಕೆಂದು ಕೇಳಿಕೊಳ್ಳಲು, 2019ರಲ್ಲಿ ಆಡಿಡಾಸ್ ಸಂಸ್ಥೆಯವರು ಅವಳ ಪಾದಗಳ ಅಳತೆಯಂತೆ ಬೂಟುಗಳನ್ನು ಮಾಡಿಕೊಟ್ಟರು. ಅವಳ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ನಮ್ಮ ಬಾಲಿಕೆಯರು ಅವಳಿಂದ ಕಲಿಯತಕ್ಕದ್ದು ನೋವನ್ನು ನುಂಗುವುದನ್ನಲ್ಲ, ಬಾಯಿಬಿಟ್ಟು ಕೇಳುವುದನ್ನು.

ಬೂಟನ್ನು ಸಂಜೆಯ ವೇಳೆಯಲ್ಲಿ ಕೊಳ್ಳುವುದು ಲೇಸು. ಹಗಲೆಲ್ಲ ನಡೆದಾಡಿದ ಪಾದವು ಸ್ವಲ್ಪ ಊದಿಕೊಂಡಿರುವುದು. ಓಡುವಾಗ ಹಾಕುವ ಕಾಲುಚೀಲವನ್ನೇ ತೊಟ್ಟು, ನಿಂತುಕೊಂಡೇ ಅಳೆಯಿಸಬೇಕು. ಮೈಭಾರ ಬಿದ್ದಾಗ ಪಾದವು ಉದ್ದವಾಗಿ ಹರಡುವುದು. ಎರಡು ಪಾದಗಳೂ ಸಮನಾಗಿರುವುದು ಅಪರೂಪವಾದುದರಿಂದ ದೊಡ್ಡದಕ್ಕೆ ಸರಿಯಾಗಿ ಕೊಳ್ಳತಕ್ಕದ್ದು. ಬೆರಳುಗಳ ಮುಂದೆ ಕೈಹೆಬ್ಬೆಟ್ಟಿನಗಲದಷ್ಟು ಸ್ಥಳವಿರಲಿ. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೆಯ ಬೆರಳೇ ಉದ್ದ. ಅಂಥವರು ಅದರ ತುದಿಯಿಂದಲೇ ಎಣಿಸಬೇಕು. ಪಾದವು ಅತಿ ಅಗಲವಾದೆಡೆಯಲ್ಲಿ ಹಿಸುಕಬಾರದು. ಹಿಮ್ಮಡಿಯು ಎದ್ದು ಬರಬಾರದು. ಅಟ್ಟೆಯು ಬೆರಳುಗಳ ಬುಡದಲ್ಲಿ ಬಾಗಬೇಕಲ್ಲದೆ ನಟ್ಟನಡುವೆ ಮಡಿಸಬಾರದು.

ನಂಬರನ್ನು ನಂಬಿ ಮೋಸಹೋಗುವವರು ಹಲವರು. ಇಂಗ್ಲೆಂಡಿನ ಕ್ರಮದಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಅಂಗುಲದ ಮೂರನೆಯ ಒಂದು ಪಾಲು ಅಂತರ, ಯೂರೋಪಿನ ಕ್ರಮದಲ್ಲಿ ಸೆಂಟಿಮೀಟರಿನ ಮೂರನೆಯ ಎರಡು ಪಾಲು, ಅಮೇರಿಕದವರ ಎಣಿಕೆಯು ಬೇರೆ. ಸಾಲದುದಕ್ಕೆ ಒಬ್ಬ ತಯಾರಕನ ಐದು ಮತ್ತೊಬ್ಬನ ಐದಕ್ಕೆ ಸಮನಾಗಿರುವುದಿಲ್ಲ. ಆದುದರಿಂದ ಬೂಟನ್ನು ತೊಟ್ಟು ಅಂಗಡಿಯ ಬಾಗಿಲಿನವರೆಗಾದರೂ ಓಡಿ ನೋಡಬೇಕು. ಅಂಗಡಿಯವರು ನಕ್ಕರೆ ನಗಲಿ. 'ಹಾಕುತ್ತ ಹಾಕುತ್ತ ಸರಿಹೋಗುತ್ತದೆ' ಎಂಬ ಅವರ ಮಾತಿಗೆ ಮಾತ್ರ ಕಿವಿಗೊಡಬೇಡಿರಿ.

ಒದ್ದೆಗಾಲನ್ನು ನೆಲದ ಮೇಲಿಟ್ಟು, ಮೂಡಿದ ಗುರುತಿನಿಂದ ಪಾದವು ಚಪ್ಪಟೆಯೋ ಕಮಾನಿನದೋ ಎಂದು ತಿಳಿದು ಅದಕ್ಕೆ ತಕ್ಕ ಬೂಟನ್ನು ಆರಿಸಬೇಕೆಂದು ಬಹುಕಾಲ ಹೇಳುತ್ತಿದ್ದರು. ಆದರೆ ಅಮೇರಿಕದ ಸೇನೆಯ ತರಬೇತಿಯಲ್ಲಿ ಹೀಗೆಯೇ ಬೂಟುಗಳನ್ನು ಹಂಚಿ ಪರೀಕ್ಷಿಸಿದಾಗ, ಹಾಗೆ ಹಂಚಿಕೊಳ್ಳದವರಿಗಿಂತ ಅವರಲ್ಲಿ ಗಾಯಗಳೇನೂ ಗಣನೀಯವಾಗಿ ಕಡಿಮೆಯಾಗಲಿಲ್ಲ. ತೊಟ್ಟು ಓಡಿದಾಗ ಕಾಲಿಗೆ ಹಿತವೆನಿಸುವುದೇ ಹೆಚ್ಚಿನ ಪ್ರಮಾಣವೆಂದು ನಮಗೆ ತೋರುತ್ತದೆ. ಓಟವಿಲ್ಲದಾಗಲೂ ನೋವಿರುವವರು ವೈದ್ಯರಿಗೆ ತೋರಿಸಬೇಕು.

ಕೊಳ್ಳಲು ಅನುಕೂಲವಿಲ್ಲದವರು ಏನು ಮಾಡಬೇಕು? ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಒಲಿಂಪಿಕ್ ಕ್ರೀಡೆಗಳಿಗೆ ಬಂದಾಗ, ದೊರೆತ ಬೂಟುಗಳು ಕಾಲಿಗೆ ಹೊಂದದ ಕಾರಣ ಮ್ಯಾರಥಾನನ್ನು ಬರಿಗಾಲಿನಲ್ಲಿಯೇ ಓಡಿ ಗೆದ್ದನು. ಅವನಿಗೆ ಬರಿಗಾಲಿನ ಓಟವು ಮೊದಲೇ ರೂಢಿಯಾಗಿದ್ದಿತೆಂಬುದನ್ನು ಮರೆಯಬಾರದು. ಕಲ್ಲುಮುಳ್ಳುಗಳನ್ನು ಆರಿಸಿದ ಮಣ್ಣಿನ ಬಯಲಿನಲ್ಲಿ, ದಿನಕ್ಕಿಷ್ಟಿಷ್ಟಾಗಿ ರೂಢಿಸಿಕೊಂಡು, ನೂರು ಮೀಟರನ್ನು ಬರಿಗಾಲಿನಲ್ಲಿ ಓಡುವುದು ಅರಳೆ ತುರುಕಿದ ಬೂಟಿಗಿಂತ ಎಷ್ಟೋ ಮೇಲು. ಆ ಬಾಲಿಕೆಗೆ ನಾವು ಅಂದೇ ಇದನ್ನು ಹೇಳಬೇಕಾಗಿದ್ದಿತು, ನಮಗೆ ಹೊಳೆಯಲಿಲ್ಲ. ಮರುವರ್ಷ ಅವಳು ಹೆಸರನ್ನೇ ಕೊಡಲಿಲ್ಲ.

ಈಗ ವ್ಯಾಯಾಮದ ಕೊಠಡಿಯಲ್ಲಿ ಗೀಟೆಳೆದ ಹಲಗೆಯೊಂದನ್ನು ಇಟ್ಟಿದ್ದೇವೆ. ಸಂಜೆ ಆಟವು ಮುಗಿದ ತರುವಾಯ ಬಂದವರ ಎರಡು ಪಾದಗಳನ್ನೂ ಅಳೆದು ಚೀಟಿಯಲ್ಲಿ ಬರೆದುಕೊಡುತ್ತೇವೆ. ಬೆಳೆಯುವ ವಯಸ್ಸಿನವರು ಮೂರು ತಿಂಗಳಿಗೊಮ್ಮೆ ಬರಲಿ.